ಗಲ್ಫಿನಿಂದ ಪಿಆರ್‌ವರೆಗೆ: ಫಿಲಿಪಿನೋ ಕೆಲಸಗಾರರು ಹಿಡಿಯುವ ದಾರಿ

ಆರು ಸಾಲಿನ ಒಂದು ಪತ್ರ. ಲೆಟರ್‌ಹೆಡ್ ಇದೆ, ಸೀಲ್ ಇದೆ, ಮ್ಯಾನೇಜರ್ ಸಹಿಯೂ ಇದೆ. ‘ಇವರು ನಮ್ಮಲ್ಲಿ ಸ್ಟಾಫ್ ನರ್ಸ್ ಆಗಿ ಕೆಲಸ ಮಾಡಿದ್ದಾರೆ, ನಡತೆ ಒಳ್ಳೆಯದು, ಮುಂದೆ ಒಳ್ಳೆಯದಾಗಲಿ.’ ಅಷ್ಟೆ. ಗಲ್ಫಿನ ಒಂದು ಆಸ್ಪತ್ರೆಯ ಎಚ್‌ಆರ್ ಟೇಬಲ್ಲಿನಲ್ಲಿ ಕೂತು ಇಂಥ ಪತ್ರಗಳನ್ನು ನಾನೇ ಎಷ್ಟೋ ಟೈಪ್ ಮಾಡಿದ್ದೇನೆ. ಒಂದು ದಿನ ಫಿಲಿಪಿನೋ ನರ್ಸ್ ಒಬ್ಬರು ಅದನ್ನು ವಾಪಸ್ ತಂದು ಟೇಬಲ್ ಮೇಲಿಟ್ಟರು. “ಸರ್, ಇದು ಆಸ್ಟ್ರೇಲಿಯಾಕ್ಕೆ ಸಾಕಾಗಲ್ಲ” ಅಂದರು. ಅವರ ಕೈಯಲ್ಲಿ ಇನ್ನೊಂದು ಹಾಳೆ ಇತ್ತು. ಏನೇನು ಬರೆಯಬೇಕು ಅಂತ ಒಂದೊಂದಾಗಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡು ಬಂದಿದ್ದರು.

ಅವತ್ತಿನಿಂದ ನನ್ನ ಟೇಬಲ್ ಕಬಯಾನ್‌ಗಳ ಅಡ್ಡೆ ಆಯಿತು. ಫಿಲಿಪಿನೋ ಜನ ಒಬ್ಬರನ್ನೊಬ್ಬರು ಕರೆಯುವುದು ಹಾಗೆ, ನಾವು ‘ಊರವರು’ ಅನ್ನೋ ಹಾಗೆ. ಗಲ್ಫಿನಲ್ಲಿರುವ ಕನ್ನಡಿಗರಿಗೆ ಅವರು ಹೊಸಬರಲ್ಲ. ಒಂದೇ ವಾರ್ಡು, ಒಂದೇ ಕೌಂಟರು, ಕೆಲವು ಸಲ ಒಂದೇ ಫ್ಲಾಟು. ಅವರು ಪಿಆರ್‌ಗೆ, ಅಂದರೆ ಇನ್ನೊಂದು ದೇಶದಲ್ಲಿ ಶಾಶ್ವತ ವಾಸದ ಹಕ್ಕಿಗೆ, ಹೋಗುವ ದಾರಿಯನ್ನು ಹತ್ತಿರದಿಂದ ನೋಡಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನಮ್ಮ ದಾರಿ ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಹೇಳುತ್ತೇನೆ.

ಮೊದಲು ಒಂದು ವಿಷಯ ಒಪ್ಪಿಕೊಳ್ಳಿ

ಗಲ್ಫಿನಲ್ಲಿ 20 ವರ್ಷ ದುಡಿದರೂ ವೀಸಾ ಮಾಲೀಕನ ಜೊತೆಗೇ ಅಂಟಿಕೊಂಡಿರುತ್ತದೆ. ಯುಎಇಯಲ್ಲಿ 10 ವರ್ಷದ ಗೋಲ್ಡನ್ ವೀಸಾ ಇದೆ. ಆದರೆ ಅದು ಎಲ್ಲರಿಗೂ ಸಿಗುವುದಲ್ಲ, ಪಿಆರ್ ಕೂಡ ಅಲ್ಲ. ಸಿಂಗಪುರದಲ್ಲಿ ವರ್ಕ್ ಪರ್ಮಿಟ್ ಇದ್ದವರು ಪಿಆರ್‌ಗೆ ಅರ್ಜಿ ಹಾಕುವಂತಿಲ್ಲ, ಅದಕ್ಕಿಂತ ಮೇಲಿನ ದರ್ಜೆಯ ಎಸ್ ಪಾಸ್ ಅಥವಾ ಎಂಪ್ಲಾಯ್‌ಮೆಂಟ್ ಪಾಸ್ ಬೇಕು. ಹಾಂಗ್‌ಕಾಂಗ್‌ನಲ್ಲಿ ಬೇರೆಯವರಿಗೆ 7 ವರ್ಷಕ್ಕೆ ಶಾಶ್ವತ ವಾಸದ ಹಕ್ಕು ಸಿಗುತ್ತದೆ. 1986ರಿಂದ ಅಲ್ಲಿ ಮನೆಕೆಲಸ ಮಾಡುತ್ತಿದ್ದ ಫಿಲಿಪಿನೋ ಮಹಿಳೆಯೊಬ್ಬರು ನನಗೂ ಕೊಡಿ ಅಂತ ಕೋರ್ಟಿಗೆ ಹೋದರು. 2013ರ ಮಾರ್ಚ್‌ನಲ್ಲಿ ಅಲ್ಲಿನ ಅತಿ ದೊಡ್ಡ ಕೋರ್ಟು ಇಲ್ಲ ಅಂದುಬಿಟ್ಟಿತು. ಮನೆಕೆಲಸದವರ ವರ್ಷಗಳು ಲೆಕ್ಕಕ್ಕೇ ಬರುವುದಿಲ್ಲ ಅಂತ.

ಹಾಗಾಗಿ ಪಿಆರ್ ಬೇಕು ಅನ್ನುವವರು ಮೂರನೇ ದೇಶದ ಕಡೆ ನೋಡಲೇಬೇಕು. ಈಗಿನ ಕೆಲಸವನ್ನು ಅಲ್ಲಿಗೆ ಹೋಗುವ ಮೆಟ್ಟಿಲು ಮಾಡಿಕೊಳ್ಳಬೇಕು.

ದೇಶ ಆರಿಸುವ ಮುಂಚೆ ಕೆಲಸದ ಹೆಸರು ನೋಡಿ

“ಯಾವ ದೇಶ ಸುಲಭ?” ಅಂತ ಎಲ್ಲರೂ ಕೇಳುತ್ತಾರೆ. “ನನ್ನ ಕೆಲಸ ಯಾವ ದೇಶದ ಪಟ್ಟಿಯಲ್ಲಿದೆ?” ಅಂತ ಕೇಳಿದರೆ ಅರ್ಧ ದಿನದಲ್ಲಿ ಉತ್ತರ ಸಿಗುತ್ತದೆ. ಪ್ರತಿ ದೇಶವೂ ಕೆಲಸಗಳಿಗೆ ಕೋಡ್ ಕೊಟ್ಟಿದೆ. ಕೆನಡಾದಲ್ಲಿ ಅದಕ್ಕೆ ಎನ್‌ಒಸಿ ಅನ್ನುತ್ತಾರೆ. ನಾವು ಗಲ್ಫಿನಲ್ಲಿ ಹೇಳುವ ಎನ್‌ಒಸಿ ಬೇರೆ, ಗೊಂದಲ ಬೇಡ. ಕೋಡಿನ ಕೆಳಗೆ ಆ ಕೆಲಸದವರು ಏನೇನು ಮಾಡುತ್ತಾರೆ ಅಂತ ಬರೆದಿರುತ್ತದೆ. ನೀವು ದಿನಾ ಮಾಡುವುದು ಅದಕ್ಕೆ ಹೊಂದಬೇಕು. ಹುದ್ದೆಯ ಹೆಸರು ಒಂದೇ ಆದರೆ ಸಾಲದು.

ಇಲ್ಲೊಂದು ಗಲ್ಫಿನದೇ ತೊಡಕು ಇದೆ. ಅಕೌಂಟೆಂಟ್ ಆಗಿ ಕೆಲಸ, ವೀಸಾದಲ್ಲಿ ಮಾತ್ರ ‘ಕ್ಲರ್ಕ್’. ಸೈಟ್ ಎಂಜಿನಿಯರ್, ವೀಸಾದಲ್ಲಿ ‘ಟೆಕ್ನಿಷಿಯನ್’. ಕಂಪನಿಯ ಕೋಟಾ ಹೇಗಿತ್ತೋ ಹಾಗೆ ಹಾಕಿರುತ್ತಾರೆ. ಫೈಲು ನೋಡುವ ಅಧಿಕಾರಿ ಇದನ್ನು ಕೇಳಿಯೇ ಕೇಳುತ್ತಾನೆ. ಮುಚ್ಚಿಡಬೇಡಿ. ವೀಸಾದಲ್ಲಿ ಹೀಗಿದೆ, ನಿಜವಾದ ಕೆಲಸ ಇದು ಅಂತ ಕಂಪನಿಯಿಂದಲೇ ಒಂದು ಪತ್ರ ಬರೆಸಿಕೊಳ್ಳಿ. ಜೊತೆಗೆ ಆಫರ್ ಲೆಟರ್, ಲೇಬರ್ ಕಾಂಟ್ರಾಕ್ಟ್, ಸಂಬಳ ಬ್ಯಾಂಕಿಗೆ ಬಂದ ಸ್ಟೇಟ್‌ಮೆಂಟ್ ಇಡಿ. ಯುಎಇಯಲ್ಲಿ 2009ರಿಂದ ಸಂಬಳ ಡಬ್ಲ್ಯುಪಿಎಸ್ ಅನ್ನುವ ಸರ್ಕಾರಿ ಸಂಬಳ ಪಾವತಿ ವ್ಯವಸ್ಥೆಯ ಮೂಲಕವೇ ಬರುವುದರಿಂದ ಬ್ಯಾಂಕಿನ ದಾಖಲೆ ಗಟ್ಟಿ ಸಾಕ್ಷಿ.

ಆಸ್ಟ್ರೇಲಿಯಾ: ಪಾಯಿಂಟ್ಸ್ ಲೆಕ್ಕ ಹಾಕೋಣ

ಪೆನ್ಸಿಲ್ ಗುರುತು ಹಾಕಿಕೊಂಡು ಬಂದ ಆ ನರ್ಸ್ ಹೊರಟಿದ್ದು ಇಲ್ಲಿಗೆ. ಮೂರು ವೀಸಾಗಳ ನಂಬರ್ ನೆನಪಿಟ್ಟುಕೊಳ್ಳಿ. 189 ಯಾರ ಹಂಗೂ ಇಲ್ಲದ ನೇರ ಪಿಆರ್. 190 ಒಂದು ರಾಜ್ಯ ನಾಮಿನೇಟ್ ಮಾಡಿದ ಪಿಆರ್. 491 ದೊಡ್ಡ ನಗರಗಳ ಹೊರಗೆ ಇರಬೇಕಾದ 5 ವರ್ಷದ ವೀಸಾ, ಮೂರು ವರ್ಷದ ನಂತರ 191ರಲ್ಲಿ ಪಿಆರ್ ಕೇಳಬಹುದು. ಮೂರಕ್ಕೂ ವಯಸ್ಸು 45 ತುಂಬಿರಬಾರದು, ಕನಿಷ್ಠ 65 ಪಾಯಿಂಟ್ಸ್ ಬೇಕು.

31 ವರ್ಷದ ನರ್ಸ್ ಅಂದುಕೊಳ್ಳಿ. ವಯಸ್ಸಿಗೆ 30. ಬಿಎಸ್ಸಿ ಡಿಗ್ರಿಗೆ 15. ಗಲ್ಫಿನಲ್ಲಿ 6 ವರ್ಷದ ಅನುಭವಕ್ಕೆ 10. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ವಿಭಾಗದಲ್ಲಿ 7 ಬಂದರೆ 10. ಒಟ್ಟು 65, ಬಾಗಿಲ ಹತ್ತಿರ ಬಂದಂತಾಯಿತು. ಗಂಡನಿಗೆ ಸಾಧಾರಣ ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿಸಿದರೆ ಇನ್ನೂ 5. ಐಇಎಲ್‌ಟಿಎಸ್ 7ರಿಂದ 8ಕ್ಕೆ ಏರಿಸಿದರೆ 10ರ ಜಾಗದಲ್ಲಿ 20. ಈಗ 80 ಆಯಿತು. 190ಕ್ಕೆ ರಾಜ್ಯ ಒಪ್ಪಿದರೆ 5 ಜಾಸ್ತಿ, 491ಕ್ಕೆ 15 ಜಾಸ್ತಿ.

ಅದೇ ನರ್ಸ್ ಎರಡು ವರ್ಷ ಸುಮ್ನೆ ಕೂತರೆ? 33 ತುಂಬಿದ ದಿನ ವಯಸ್ಸಿನ 30 ಹೋಗಿ 25 ಆಗುತ್ತದೆ. 40 ತುಂಬಿದರೆ 15. ಅನುಭವ 8 ವರ್ಷ ದಾಟಿದರೆ ಆ ಲೆಕ್ಕದಲ್ಲಿ 15 ಸಿಗುತ್ತದೆ, ನಿಜ. ಆದರೆ ವಯಸ್ಸು ಅದನ್ನು ತಿಂದುಹಾಕುತ್ತದೆ. ಇನ್ನೊಂದು ವಿಷಯ: 65 ಅನ್ನುವುದು ಸಾಲಿನಲ್ಲಿ ನಿಲ್ಲಲು ಬೇಕಾದ ಅಂಕ. ಯಾರನ್ನು ಕರೆಯುತ್ತಾರೆ ಅನ್ನುವುದು ಆ ಸುತ್ತಿನಲ್ಲಿ ಯಾರಿಗೆ ಎಷ್ಟಿದೆ, ಯಾವ ಕೆಲಸದವರು ಬೇಕಾಗಿದ್ದಾರೆ ಅನ್ನುವುದರ ಮೇಲೆ ಇರುತ್ತದೆ.

ಕ್ರಮ ಹೀಗೆ. ಮೊದಲು ಇಂಗ್ಲಿಷ್ ಪರೀಕ್ಷೆ. ಆಮೇಲೆ ಸ್ಕಿಲ್ಸ್ ಅಸೆಸ್‌ಮೆಂಟ್, ಅಂದರೆ ಓದು ಮತ್ತು ಅನುಭವದ ಮೌಲ್ಯಮಾಪನ. ಇದನ್ನು ಮಾಡುವ ಸಂಸ್ಥೆ ಕೆಲಸದ ಪ್ರಕಾರ ಬೇರೆ ಬೇರೆ: ನರ್ಸ್‌ಗಳಿಗೆ ಎಎನ್‌ಎಂಎಸಿ, ಎಂಜಿನಿಯರ್‌ಗಳಿಗೆ ಎಂಜಿನಿಯರ್ಸ್ ಆಸ್ಟ್ರೇಲಿಯಾ, ಐಟಿಯವರಿಗೆ ಎಸಿಎಸ್. ಅದು ಕೈಗೆ ಬಂದ ಮೇಲೆ ಸ್ಕಿಲ್‌ಸೆಲೆಕ್ಟ್ ಅನ್ನುವ ಸರ್ಕಾರಿ ಜಾಲತಾಣದಲ್ಲಿ ಇಒಐ, ಅಂದರೆ ‘ನನಗೆ ಆಸಕ್ತಿ ಇದೆ’ ಅನ್ನುವ ಮೊದಲ ಅರ್ಜಿ, ಹಾಕುವುದು. ಇದಕ್ಕೆ ಫೀಸ್ ಇಲ್ಲ, ಎರಡು ವರ್ಷ ನಿಲ್ಲುತ್ತದೆ. ಆಹ್ವಾನ ಬಂದರೆ 60 ದಿನದೊಳಗೆ ಪೂರ್ತಿ ಅರ್ಜಿ. ಇಒಐನಲ್ಲಿ ಬಾಯಿಗೆ ಬಂದ ಪಾಯಿಂಟ್ಸ್ ಹೇಳಿಕೊಂಡು, ಆಹ್ವಾನ ಬಂದ ಮೇಲೆ ಕಾಗದ ತೋರಿಸಲಾಗದೆ ಹೋದರೆ ಸುಮಾರು 5,000 ಆಸ್ಟ್ರೇಲಿಯನ್ ಡಾಲರ್ ಫೀಸು ನೀರುಪಾಲು.

ನರ್ಸ್‌ಗಳಿಗೆ ಇದರ ಜೊತೆಗೆ ಎಎಚ್‌ಪಿಆರ್‌ಎ, ಅಂದರೆ ಅಲ್ಲಿನ ಆರೋಗ್ಯ ವೃತ್ತಿಗಳ ನಿಯಂತ್ರಣ ಸಂಸ್ಥೆಯ, ರಿಜಿಸ್ಟ್ರೇಷನ್ ಇದೆ. ಫಿಲಿಪೀನ್ಸಿನಲ್ಲಾಗಲಿ ಭಾರತದಲ್ಲಾಗಲಿ ಓದಿದವರು ಸಾಮಾನ್ಯವಾಗಿ ಎನ್‌ಕ್ಲೆಕ್ಸ್-ಆರ್‌ಎನ್ ಅನ್ನುವ ನರ್ಸ್ ಲೈಸೆನ್ಸ್ ಪರೀಕ್ಷೆ ಬರೆದು, ಆಮೇಲೆ ಅಡಿಲೇಡ್‌ಗೆ ಹೋಗಿ ಓಸ್ಕಿ ಪ್ರಾಯೋಗಿಕ ಪರೀಕ್ಷೆ ಕೊಡಬೇಕು. 2025ರಿಂದ ಬ್ರಿಟನ್, ಐರ್ಲೆಂಡ್, ಅಮೆರಿಕ, ಸಿಂಗಪುರದಂಥ ಕಡೆ ರಿಜಿಸ್ಟರ್ ಆಗಿ ಸಾಕಷ್ಟು ಕೆಲಸ ಮಾಡಿದವರಿಗೆ ಈ ಎರಡು ಪರೀಕ್ಷೆ ಇಲ್ಲದ ಹತ್ತಿರದ ದಾರಿ ತೆರೆದಿದ್ದಾರೆ. ಆ ಪಟ್ಟಿಯಲ್ಲಿ ಗಲ್ಫ್ ಇಲ್ಲ.

ಕೆನಡಾ: ಬ್ಯಾಂಕಿನಲ್ಲಿ ಹಣ ತೋರಿಸಬೇಕು

2015ರಲ್ಲಿ ಶುರುವಾದ ಎಕ್ಸ್‌ಪ್ರೆಸ್ ಎಂಟ್ರಿ ಇಲ್ಲಿನ ಮುಖ್ಯ ದಾರಿ. ಹೊರಗಿನಿಂದ ಅರ್ಜಿ ಹಾಕುವವರಿಗೆ ಫೆಡರಲ್ ಸ್ಕಿಲ್ಡ್ ವರ್ಕರ್ ಅನ್ನುವ ವಿಭಾಗ. ಕಳೆದ 10 ವರ್ಷದಲ್ಲಿ ಒಂದೇ ರೀತಿಯ ಕೆಲಸದಲ್ಲಿ ಕನಿಷ್ಠ ಒಂದು ವರ್ಷದ ಬಿಡುವಿಲ್ಲದ ಅನುಭವ, ಇಂಗ್ಲಿಷಿನಲ್ಲಿ ಸಿಎಲ್‌ಬಿ (ಭಾಷೆ ಅಳೆಯಲು ಕೆನಡಾ ಇಟ್ಟಿರುವ ಮಟ್ಟ) 7, ನೂರಕ್ಕೆ 67 ಅಂಕ. ಇಷ್ಟಿದ್ದರೆ ಸಾಲಿಗೆ ಸೇರಬಹುದು. ಸಾಲಿನೊಳಗೆ 1,200ಕ್ಕೆ ಇನ್ನೊಂದು ಲೆಕ್ಕ, ಅದಕ್ಕೆ ಸಿಆರ್‌ಎಸ್ ಅನ್ನುತ್ತಾರೆ. 29ರವರೆಗೆ ವಯಸ್ಸಿಗೆ ಪೂರ್ತಿ ಅಂಕ. ಆಮೇಲೆ ವರ್ಷಕ್ಕೆ ಐದಾರು ಇಳಿಯುತ್ತಾ, 40 ಹತ್ತಿರವಾದಾಗ ಇನ್ನೂ ಜೋರಾಗಿ ಇಳಿದು, 45ಕ್ಕೆ ಸೊನ್ನೆ.

ಪಾಯಿಂಟ್ಸ್ ಏರಿಸಲು ಅಗ್ಗದ ದಾರಿ ಇಂಗ್ಲಿಷೇ. ಐಇಎಲ್‌ಟಿಎಸ್ ಜನರಲ್‌ನಲ್ಲಿ ಲಿಸನಿಂಗ್‌ಗೆ 8, ಉಳಿದ ಮೂರಕ್ಕೆ 7 ಬಂದರೆ ಸಿಎಲ್‌ಬಿ 9. ಅಲ್ಲಿ ಅಂಕ ಒಮ್ಮೆಲೇ ಜಿಗಿಯುತ್ತದೆ, ಯಾಕೆಂದರೆ ಡಿಗ್ರಿ ಮತ್ತು ಅನುಭವದ ಜೊತೆ ಸೇರಿಸಿ ಇನ್ನೊಂದು ಸಲ ಅಂಕ ಕೊಡುತ್ತಾರೆ. ನರ್ಸ್‌ಗಳು ಇಲ್ಲೇ ಎಡವುವುದು: ನರ್ಸಿಂಗ್ ರಿಜಿಸ್ಟ್ರೇಷನ್‌ಗೆ ಅಂತ ಬರೆದ ಐಇಎಲ್‌ಟಿಎಸ್ ಅಕಾಡೆಮಿಕ್ ಕೆನಡಾ ಪಿಆರ್‌ಗೆ ನಡೆಯುವುದಿಲ್ಲ. ಎರಡೂ ಬೇರೆ ಪರೀಕ್ಷೆ, ಎರಡೂ ಕಡೆ ದುಡ್ಡು.

ರಾಜ್ಯಗಳ ನಾಮಿನೇಷನ್ ಅಂದರೆ ಪಿಎನ್‌ಪಿ ಸಿಕ್ಕರೆ 600 ಅಂಕ, ಕೆಲಸ ಆದಂತೆಯೇ. 2023ರಿಂದ ಆರೋಗ್ಯ, ಕಟ್ಟಡ ಕೆಲಸ, ಫ್ರೆಂಚ್ ಹೀಗೆ ವಿಭಾಗವಾರು ಸುತ್ತುಗಳೂ ನಡೆಯುತ್ತಿವೆ. ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಜಾಬ್ ಆಫರ್‌ಗೆ ಕೊಡುತ್ತಿದ್ದ ಸಿಆರ್‌ಎಸ್ ಅಂಕವನ್ನು 2025ರ ಮಾರ್ಚ್‌ನಲ್ಲಿ ತೆಗೆದುಹಾಕಿದ್ದಾರೆ. “ದುಡ್ಡು ಕೊಡಿ, ಜಾಬ್ ಆಫರ್ ಕೊಡಿಸಿ ಪಾಯಿಂಟ್ಸ್ ಏರಿಸುತ್ತೇವೆ” ಅನ್ನುವವರು ಈಗಲೂ ಇದ್ದಾರೆ. ಕೈ ಮುಗಿದು ಕಳಿಸಿ.

ಈಗ ಹಣದ ವಿಷಯ. ಕೆನಡಾದಲ್ಲಿ ಕೆಲಸವೇ ಇಲ್ಲದೆ ಹೋಗುವವರು ಒಬ್ಬರಾದರೆ ಸುಮಾರು 15,000 ಕೆನಡಾ ಡಾಲರ್, ನಾಲ್ಕು ಜನರಾದರೆ ಸುಮಾರು 28,000 ಡಾಲರ್ ತಮ್ಮ ಖಾತೆಯಲ್ಲಿ ತೋರಿಸಬೇಕು. ಈ ಅಂಕಿ ವರ್ಷಕ್ಕೊಮ್ಮೆ ಬದಲಾಗುತ್ತದೆ. ಬ್ಯಾಂಕಿನ ಪತ್ರದಲ್ಲಿ ಆರು ತಿಂಗಳ ಸರಾಸರಿ ಇರಬೇಕು. ಸಾಲದ ಹಣ ನಡೆಯುವುದಿಲ್ಲ. ಫಿಲಿಪಿನೋಗಳಿಗೆ ಇದು ದೊಡ್ಡ ಕಷ್ಟ. ಸಂಬಳ ಬಂದ ದಿನವೇ ಅವರು ಎಕ್ಸ್‌ಚೇಂಜ್ ಮುಂದೆ ಸಾಲು ನಿಂತಿರುತ್ತಾರೆ. ತಂಗಿಯ ಕಾಲೇಜು, ಅಪ್ಪನ ಡಯಾಲಿಸಿಸ್, ಮನೆಯ ಚಾವಣಿ. ಉಳಿದದ್ದರಲ್ಲಿ ವರ್ಷಕ್ಕೊಂದೆರಡು ಬಾಲಿಕ್‌ಬಾಯನ್ ಬಾಕ್ಸ್, ಒಳಗೆ ಸೋಪು, ಚಾಕೊಲೇಟು, ಶೂ. ನಮ್ಮವರು ಲಗೇಜಿನಲ್ಲಿ ಟ್ಯಾಂಗ್ ಡಬ್ಬ ಒಯ್ಯುತ್ತಿದ್ದ ಹಾಗೆ. ಹಾಗಾಗಿ ಪಿಆರ್ ಯೋಚನೆ ಬಂದ ತಿಂಗಳಿಂದಲೇ ಒಂದು ಬೇರೆ ಖಾತೆ ತೆರೆದು, ಮನೆಗೆ ಕಳಿಸುವುದರಲ್ಲಿ ಸ್ವಲ್ಪ ಕಡಿತ ಮಾಡಲೇಬೇಕಾಗುತ್ತದೆ. ಮನೆಯವರಿಗೆ ಮೊದಲೇ ಹೇಳಿ ಒಪ್ಪಿಸಿ. ಇಲ್ಲದಿದ್ದರೆ ಕ್ರಿಸ್‌ಮಸ್ ಬರುವಷ್ಟರಲ್ಲಿ ಖಾತೆ ಮತ್ತೆ ಖಾಲಿ.

ಮನೆಯಲ್ಲಿ ಮಕ್ಕಳನ್ನು, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದವರಿಗೆ ಕೆನಡಾ 2025ರ ಮಾರ್ಚ್ 31ಕ್ಕೆ ಹೊಸ ಪೈಲಟ್, ಅಂದರೆ ಪ್ರಾಯೋಗಿಕ ಯೋಜನೆ, ತೆರೆದಿತ್ತು. ಇಂಗ್ಲಿಷ್ ಸಿಎಲ್‌ಬಿ 4 ಸಾಕಿತ್ತು, ಅರ್ಜಿ ಮಂಜೂರಾದರೆ ನೇರ ಪಿಆರ್. ಅರ್ಜಿಗಳ ಮಿತಿ ಬೇಗನೆ ತುಂಬಿತು. ಇಂಥವು ಮತ್ತೆ ತೆರೆದರೂ ಕಾಗದ ರೆಡಿ ಇಟ್ಟುಕೊಂಡವರಿಗೆ ಮಾತ್ರ.

ಉಳಿದ ದೇಶಗಳು, ಸ್ವಲ್ಪ ಬೇಗ

ನ್ಯೂಜಿಲೆಂಡ್ ನನಗೆ ಇಷ್ಟವಾದ ದಾರಿ, ಯಾಕೆಂದರೆ ಅರ್ಥ ಮಾಡಿಕೊಳ್ಳಲು ಸುಲಭ. ಗ್ರೀನ್ ಲಿಸ್ಟ್ ಅಂತ ಒಂದು ಪಟ್ಟಿ ಇದೆ. ಅದರಲ್ಲಿ ಮೊದಲ ಸಾಲಿನ ಕೆಲಸ ಇದ್ದು, ಅಲ್ಲಿನ ಮಾನ್ಯತೆ ಪಡೆದ ಕಂಪನಿ ಕೆಲಸ ಕೊಟ್ಟರೆ ನೇರ ರೆಸಿಡೆನ್ಸ್. ರಿಜಿಸ್ಟರ್ಡ್ ನರ್ಸ್‌ಗಳು 2022ರ ಡಿಸೆಂಬರ್‌ನಿಂದ ಅಲ್ಲಿದ್ದಾರೆ. ಎರಡನೇ ಸಾಲಿನವರು 24 ತಿಂಗಳು ದುಡಿದ ಮೇಲೆ ಕೇಳಬೇಕು. ವಯಸ್ಸಿನ ಮಿತಿ 55. ಆಸ್ಟ್ರೇಲಿಯಾದಲ್ಲಿ ತಡವಾದವರಿಗೆ ಇದು ದೊಡ್ಡ ಆಸರೆ.

ಅಮೆರಿಕಕ್ಕೆ ನರ್ಸ್‌ಗಳು ಇಬಿ-3 ಅನ್ನುವ ಕೆಲಸದ ಆಧಾರದ ಗ್ರೀನ್ ಕಾರ್ಡ್ ವಿಭಾಗದಲ್ಲಿ ಹೋಗುತ್ತಾರೆ. ಎನ್‌ಕ್ಲೆಕ್ಸ್ ಪಾಸಾಗಿ, ಆಸ್ಪತ್ರೆ ಅರ್ಜಿ ಹಾಕಿ, ಆಮೇಲೆ ಯಾರ ಸರದಿ ಬಂತು ಅಂತ ಹೇಳುವ ಸರ್ಕಾರಿ ಪಟ್ಟಿಯಾದ ವೀಸಾ ಬುಲೆಟಿನ್‌ನಲ್ಲಿ ದಿನಾಂಕ ಬರುವವರೆಗೆ ಕಾಯಬೇಕು. ಫಿಲಿಪೀನ್ಸಿಗೆ ಅಲ್ಲಿ ಬೇರೆಯದೇ ಕಾಲಂ ಇದೆ, ಭಾರತಕ್ಕೂ ಇದೆ. ನಮ್ಮ ಸಾಲು ಅವರದಕ್ಕಿಂತ ತುಂಬಾ ಉದ್ದ. ಒಂದೇ ವಾರ್ಡಿನ ಫಿಲಿಪಿನೋ ಗೆಳತಿ ಹೋದಳು, ನಾನೂ ಹೋಗುತ್ತೇನೆ ಅಂತ ಮಂಗಳೂರಿನ ಹುಡುಗಿ ಲೆಕ್ಕ ಹಾಕಿದರೆ ತಪ್ಪಾಗುವುದು ಇಲ್ಲೇ.

ಬ್ರಿಟನ್ ಈಗ ಬಿಗಿ. 2025ರ ಜುಲೈನಿಂದ ಹೊರದೇಶದ ಕೇರ್ ವರ್ಕರ್‌ಗಳ ಹೊಸ ನೇಮಕ ನಿಂತಿದೆ. ಐದು ವರ್ಷಕ್ಕೆ ಸಿಗುತ್ತಿದ್ದ ಶಾಶ್ವತ ವಾಸವನ್ನು ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾಪವನ್ನು ಅದೇ ವರ್ಷ ಸರ್ಕಾರ ಮುಂದಿಟ್ಟಿತು. ಜರ್ಮನಿಗೆ 2013ರಿಂದ ಟ್ರಿಪಲ್ ವಿನ್ ಯೋಜನೆಯಲ್ಲಿ ಫಿಲಿಪಿನೋ ನರ್ಸ್‌ಗಳು ಹೋಗುತ್ತಿದ್ದಾರೆ, ಭಾಷೆ ಕಲಿಯಲೇಬೇಕು. ಜಪಾನಿನಲ್ಲಿ 2019ರ ಸ್ಪೆಸಿಫೈಡ್ ಸ್ಕಿಲ್ಡ್ ವರ್ಕರ್ ವೀಸಾದ ಮೊದಲ ದರ್ಜೆ ಐದು ವರ್ಷಕ್ಕೆ ಮುಗಿಯುತ್ತದೆ, ಮನೆಯವರನ್ನು ಕರೆಸುವಂತಿಲ್ಲ. ಎರಡನೇ ದರ್ಜೆಗೆ ಏರಿದರೆ ಮಾತ್ರ ಪಿಆರ್ ಮಾತು.

ಕಾಗದ: ಇಲ್ಲಿ ನಿಧಾನವಾಗಿ ಓದಿ

ಅನುಭವ ಪತ್ರದಲ್ಲಿ ಇವು ಇರಲೇಬೇಕು. ಸೇರಿದ ದಿನ, ಬಿಟ್ಟ ದಿನ. ಫುಲ್ ಟೈಮೋ ಪಾರ್ಟ್ ಟೈಮೋ, ವಾರಕ್ಕೆ ಎಷ್ಟು ಗಂಟೆ. ಹುದ್ದೆಯ ಹೆಸರು, ಸಂಬಳ. ಮಾಡಿದ ಕೆಲಸಗಳ ವಿವರ. ಸಹಿ ಮಾಡಿದವರ ಹೆಸರು, ಹುದ್ದೆ, ಕಚೇರಿಯ ಫೋನು ಮತ್ತು ಇಮೇಲ್. ನಾನು ಮೊದಲು ಬರೆದ ಆರು ಸಾಲಿನಲ್ಲಿ ಇದರಲ್ಲಿ ಹುದ್ದೆ ಮಾತ್ರ ಇತ್ತು! ಆ ನರ್ಸ್‌ಗೆ ಎರಡನೇ ಸಲ ಬರೆದದ್ದು ಒಂದೂವರೆ ಪುಟ. ‘ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವ ಇಬ್ಬರು ರೋಗಿಗಳ ಆರೈಕೆ, ಔಷಧ ಕೊಡುವುದು, ಹೊಸ ನರ್ಸ್‌ಗಳಿಗೆ ತರಬೇತಿ’ ಅಂತೆಲ್ಲ. ಒಂದು ಎಚ್ಚರಿಕೆ: ಸರ್ಕಾರಿ ಜಾಲತಾಣದ ವಿವರವನ್ನು ಹಾಗೇ ಎತ್ತಿ ಪತ್ರದಲ್ಲಿ ಅಂಟಿಸಬೇಡಿ. ಅಧಿಕಾರಿಗಳಿಗೆ ಆ ಸಾಲುಗಳು ಬಾಯಿಪಾಠ.

ಪತ್ರವನ್ನು ಕೆಲಸ ಬಿಡುವ ಮುಂಚೆಯೇ ತೆಗೆದುಕೊಳ್ಳಿ. ಬಿಟ್ಟ ಮೇಲೆ ಎಚ್‌ಆರ್‌ನಲ್ಲಿ ನಿಮ್ಮ ಮುಖ ನೆನಪಿರುವವರು ಎಷ್ಟು ದಿನ ಇರುತ್ತಾರೆ? ಕಂಪನಿಯೇ ಮುಚ್ಚಿಹೋದದ್ದನ್ನೂ ನೋಡಿದ್ದೇನೆ.

ಪೊಲೀಸ್ ಸರ್ಟಿಫಿಕೇಟ್ ಕೂಡ ಹಾಗೇ. ಕಳೆದ 10 ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ಒಂದೇ ಸಮ ಇದ್ದ ದೇಶದ್ದನ್ನೆಲ್ಲ ಕೆನಡಾ ಕೇಳುತ್ತದೆ. ಆಸ್ಟ್ರೇಲಿಯಾಕ್ಕೆ ಒಟ್ಟು 12 ತಿಂಗಳು ಇದ್ದ ದೇಶದ್ದು ಬೇಕು. ಸೌದಿ ಬಿಟ್ಟ ಮೇಲೆ ಅಲ್ಲಿಯದನ್ನು ತರಿಸುವುದು ತಲೆನೋವು. ಫಿಲಿಪೀನ್ಸಿನ ಕಡೆಯಿಂದ ಬೇಕಾದದ್ದು ಅಲ್ಲಿನ ರಾಷ್ಟ್ರೀಯ ತನಿಖಾ ಸಂಸ್ಥೆ ಕೊಡುವ ಎನ್‌ಬಿಐ ಕ್ಲಿಯರೆನ್ಸ್. ಸಾಂಟೋಸ್, ರೇಯೆಸ್‌ನಂಥ ಅಡ್ಡಹೆಸರಿದ್ದರೆ ಕಂಪ್ಯೂಟರಿನಲ್ಲಿ ‘ಹಿಟ್’ ಬರುವುದು ಮಾಮೂಲು. ಅದೇ ಹೆಸರಿನ ಬೇರೆ ಯಾರದ್ದೋ ಕೇಸು ಇರುತ್ತದೆ, ಪರಿಶೀಲಿಸಲು ಕೆಲವು ದಿನ ತೆಗೆದುಕೊಳ್ಳುತ್ತಾರೆ. ಗಾಬರಿ ಬೇಡ. ವಿದೇಶದಲ್ಲಿದ್ದರೆ ರಾಯಭಾರ ಕಚೇರಿಯಲ್ಲಿ ಬೆರಳಚ್ಚು ಕೊಟ್ಟು, ಊರಿನ ಸಂಬಂಧಿಕರ ಮೂಲಕ ಮಾಡಿಸುತ್ತಾರೆ.

ಜನನ, ಮದುವೆ ಪತ್ರ ಫಿಲಿಪೀನ್ಸಿನ ಅಂಕಿಅಂಶ ಇಲಾಖೆಯಾದ ಪಿಎಸ್‌ಎಯಿಂದಲೇ ಬೇಕು, ಊರಿನ ನಗರಸಭೆಯ ಪ್ರತಿ ಸಾಲದು. ಕಾಲೇಜಿನ ಟಿಒಆರ್ (ಅಂಕಗಳ ದಾಖಲೆ) ರಿಜಿಸ್ಟ್ರಾರ್ ಕಚೇರಿಯಿಂದ, ನರ್ಸ್ ಲೈಸೆನ್ಸ್ ಅಲ್ಲಿನ ವೃತ್ತಿ ನಿಯಂತ್ರಣ ಆಯೋಗವಾದ ಪಿಆರ್‌ಸಿಯಿಂದ. 2019ರ ಮೇ ತಿಂಗಳಿಂದ ಫಿಲಿಪೀನ್ಸ್ ಅಪೊಸ್ಟಿಲ್ ಒಪ್ಪಂದದಲ್ಲಿ (ಒಪ್ಪಂದದ ದೇಶಗಳಲ್ಲಿ ದಾಖಲೆಗೆ ಒಂದೇ ದೃಢೀಕರಣ ಸಾಕು) ಇರುವುದರಿಂದ ಕೆಂಪು ರಿಬ್ಬನ್ನಿನ ಹಳೆ ಓಡಾಟ ಕಡಿಮೆಯಾಗಿದೆ. ಡಿಗ್ರಿಯ ಬಗ್ಗೆ ಒಂದು ಮಾತು: ಅಲ್ಲಿ 2013ರ ಕಾನೂನು ಬರುವ ಮುಂಚೆ ಶಾಲೆ 10 ವರ್ಷದ್ದು. ಹಳೆಯ ಡಿಗ್ರಿಯನ್ನು ಕೆನಡಾದ ಮೌಲ್ಯಮಾಪನದಲ್ಲಿ ಏನೆಂದು ಬರೆಯುತ್ತಾರೋ ನೋಡುವವರೆಗೆ ಪಾಯಿಂಟ್ಸ್ ಕೂಡಿಸಬೇಡಿ.

ಹೆಸರು ಎಲ್ಲ ಕಡೆ ಒಂದೇ ಇರಲಿ. ಫಿಲಿಪಿನೋಗಳಲ್ಲಿ ಅಮ್ಮನ ತವರು ಅಡ್ಡಹೆಸರೇ ಮಧ್ಯದ ಹೆಸರು. ಹೆಂಗಸರು ಮದುವೆಯಾಗಿ ಗಂಡನ ಅಡ್ಡಹೆಸರು ಹಿಡಿದರೆ ಅದೂ ಬದಲಾಗುತ್ತದೆ. ನಮ್ಮಲ್ಲಿ ಇನಿಶಿಯಲ್ ಒಂದು ಕಾಗದದಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಎರಡೂ ಕಡೆ ತಲೆನೋವು ಒಂದೇ.

ಮನೆಯವರನ್ನು ಮರೆಯಬೇಡಿ, ಮುಚ್ಚಿಡಬೇಡಿ

ಫಿಲಿಪೀನ್ಸಿನಲ್ಲಿ ಮುಸ್ಲಿಮರನ್ನು ಬಿಟ್ಟರೆ ಉಳಿದವರಿಗೆ ಡಿವೋರ್ಸ್ ಕಾನೂನೇ ಇಲ್ಲ. ಬೇರೆಯಾಗಿ ಹತ್ತು ವರ್ಷವಾದರೂ ಕಾಗದದಲ್ಲಿ ಗಂಡ ಗಂಡನೇ. ಎಷ್ಟೋ ಜನ ಫಾರ್ಮಿನಲ್ಲಿ ‘ಸಿಂಗಲ್’ ಅಂತ ಹಾಕಿಬಿಡುತ್ತಾರೆ. ಪಿಎಸ್‌ಎ ದಾಖಲೆ ಬೇರೆಯೇ ಹೇಳುತ್ತದೆ, ಸುಳ್ಳು ಹೇಳಿದ ಹಣೆಪಟ್ಟಿ ಬೀಳುತ್ತದೆ. ಇದ್ದದ್ದನ್ನು ಇದ್ದಹಾಗೆ ಬರೆದು, ಬೇರೆ ಇದ್ದೇವೆ ಅಂತ ವಿವರಿಸಿ.

ಊರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟ ಮಗುವಿನ ಹೆಸರೂ ಹಾಗೇ. ಈಗ ಕರೆದುಕೊಂಡು ಹೋಗದಿದ್ದರೂ ಹೆಸರು ಹಾಕಿ, ಮೆಡಿಕಲ್ ಮಾಡಿಸಿ. ಕೆನಡಾದಲ್ಲಿ ಹೇಳದೆ ಬಿಟ್ಟ ಮಗುವನ್ನು ಆಮೇಲೆ ಫ್ಯಾಮಿಲಿ ವೀಸಾದಲ್ಲಿ ಕರೆಸಲು ಹೋದರೆ ಸಾಮಾನ್ಯವಾಗಿ ಬಾಗಿಲು ಮುಚ್ಚಿರುತ್ತದೆ.

ಮೆಡಿಕಲ್‌ನಲ್ಲಿ ಎದೆಯ ಎಕ್ಸ್‌ರೇ ಮುಖ್ಯ. ಹಳೆಯ ಟಿಬಿ ಕಲೆ ಕಂಡರೆ ಕಫ ಪರೀಕ್ಷೆಗೆ ಕಳಿಸುತ್ತಾರೆ, ಕಲ್ಚರ್ ರಿಪೋರ್ಟ್ ಬರಲು ಆರರಿಂದ ಎಂಟು ವಾರ. ಅಷ್ಟು ಸಮಯ ಲೆಕ್ಕದಲ್ಲಿಟ್ಟುಕೊಳ್ಳಿ.

ಏಜೆಂಟ್ ಬೇಕಾ?

ಫೈಲು ಸರಳವಾಗಿದ್ದರೆ ಬೇಡ. ಬೇಕೇ ಬೇಕು ಅಂದರೆ ನೋಂದಾಯಿತ ವಲಸೆ ಸಲಹೆಗಾರರಿಗೆ ಇರುವ ನಂಬರ್ ಕೇಳಿ: ಆಸ್ಟ್ರೇಲಿಯಾಕ್ಕೆ ಮಾರಾ ನಂಬರ್, ಕೆನಡಾಕ್ಕೆ ಆರ್‌ಸಿಐಸಿ ನಂಬರ್. ಎರಡನ್ನೂ ಇಂಟರ್‌ನೆಟ್ಟಿನಲ್ಲಿ ನೀವೇ ನೋಡಬಹುದು. ‘ಗ್ಯಾರಂಟಿ ಪಿಆರ್’ ಅನ್ನುವ ಬೋರ್ಡು ಕಂಡರೆ ಚಹಾ ಕುಡಿಯಲೂ ಒಳಗೆ ಹೋಗಬೇಡಿ. ಪಿಆರ್ ಕೊಡುವುದು ಸರ್ಕಾರ, ಗ್ಯಾರಂಟಿ ಕೊಡಲು ಇವರು ಯಾರು?

ಹೊರಡುವ ಹೊತ್ತು

ಇಲ್ಲಿ ಫಿಲಿಪಿನೋಗಳಿಗೆ ನಮಗಿಲ್ಲದ ಒಂದು ಹೆಜ್ಜೆ ಇದೆ. ಕೆಲಸದ ವೀಸಾದಲ್ಲಿ ಹೋಗುವವರು ವಲಸೆ ಕೆಲಸಗಾರರ ಇಲಾಖೆಯಾದ ಡಿಎಂಡಬ್ಲ್ಯು ಕೊಡುವ ಓಇಸಿ, ಅಂದರೆ ವಿದೇಶಿ ಕೆಲಸದ ಸರ್ಟಿಫಿಕೇಟ್, ತೋರಿಸಿ ಮನಿಲಾದಲ್ಲಿ ವಿಮಾನ ಹತ್ತುತ್ತಾರೆ. ಪಿಆರ್ ವೀಸಾದಲ್ಲಿ ಹೊರಡುವವರು ಕೆಲಸಗಾರರ ಲೆಕ್ಕದಲ್ಲಿ ಬರುವುದಿಲ್ಲ, ವಲಸೆಗಾರರು. ಅವರು ಸಿಎಫ್‌ಒದಲ್ಲಿ, ಅಂದರೆ ಸಾಗರೋತ್ತರ ಫಿಲಿಪಿನೋಗಳ ಆಯೋಗದಲ್ಲಿ, ಹೆಸರು ನೋಂದಾಯಿಸಿ, ಹೊರಡುವ ಮುಂಚಿನ ಸೆಮಿನಾರ್‌ನಲ್ಲಿ ಕೂತು ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ರಜೆಗೆ ಊರಿಗೆ ಹೋಗಿ ಅಲ್ಲಿಂದಲೇ ಹೊಸ ದೇಶಕ್ಕೆ ಹೊರಡುವ ಪ್ಲಾನ್ ಇದ್ದರೆ ಇದಕ್ಕೆ ಒಂದು ವಾರ ಬಿಟ್ಟುಕೊಳ್ಳಿ.

ಮುಂದೆ ಪೌರತ್ವದ ಮಾತು ಬಂದಾಗ ಅವರದು ನಮಗಿಂತ ಹಗುರ. 2003ರ ಕಾನೂನಿನ ಪ್ರಕಾರ ಫಿಲಿಪಿನೋಗಳು ಬೇರೆ ದೇಶದ ಪೌರರಾದ ಮೇಲೂ ಪ್ರಮಾಣ ವಚನ ಮಾಡಿ ತಮ್ಮ ಪೌರತ್ವ ಉಳಿಸಿಕೊಳ್ಳಬಹುದು. ನಾವು ಪಾಸ್‌ಪೋರ್ಟ್ ವಾಪಸ್ ಕೊಟ್ಟು ಓಸಿಐ ಕಾರ್ಡು ಹಿಡಿಯಬೇಕು.

ಆ ನರ್ಸ್ ಹೊರಡುವ ವಾರ ಮತ್ತೆ ನನ್ನ ಟೇಬಲ್ಲಿಗೆ ಬಂದರು. ಒಂದೂವರೆ ಪುಟದ ಪತ್ರದ ಇನ್ನೆರಡು ಒರಿಜಿನಲ್ ಪ್ರತಿ ಬೇಕು, ಸೀಲ್ ಸ್ಪಷ್ಟವಾಗಿ ಬೀಳಲಿ ಅಂದರು. ಯಾಕೆ, ಎಲ್ಲ ಮುಗಿಯಿತಲ್ಲ ಅಂದೆ. “ಅಲ್ಲಿ ಹೊಸ ಆಸ್ಪತ್ರೆಯವರೂ ಕೇಳುತ್ತಾರೆ ಸರ್” ಅಂತ ಪ್ಲಾಸ್ಟಿಕ್ ಫೋಲ್ಡರ್ ತೆರೆದು ಹಿಡಿದರು. ಸೀಲ್ ಪ್ಯಾಡ್ ಒಣಗಿತ್ತು. ಎರಡು ಹನಿ ಶಾಯಿ ಬಿಟ್ಟು ಒತ್ತಿಕೊಟ್ಟೆ.